ಫಿಟ್‌ನೆಸ್ ಇತಿಹಾಸ, ಭಾಗ 4: ತೂಕ ಯಾಕ ಇಳಸಾಕತ್ತೀನಿ?

ದೋಸ್ತರೇ, ದಿನಾ ಮುಂಜಾನೆ ವ್ಯಾಕ್ಸಿನ್ ಡಿಪೋದಾಗ ಓಡೋದು ನೋಡಿ "ಯಾರಿಗೆ ತೋರಸಾಕ?" ಅಂತ ಕೇಳ್ತೀರಲ್ಲ, ಉತ್ತರ 1944ರಾಗ ಐತಿ.

ಆಗ ನಮ್ಮ ಬೆಳಗಾವಿ ಮುಂಬೈ ಪ್ರಾಂತ್ಯದೊಳಗ ಇತ್ತು. ಆ ವರ್ಷ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಮೂಟೆ, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಅಗ್ನಿಶಾಮಕದವರು ಪೈಪ್ ಹಿಡಿದು ನೀರು ಹೊಡೆದರು. ಸಂಜೆ 4 ದಾಟುತ್ತಿದ್ದಂತೆ ಹಡಗು ಸಿಡಿಯಿತು. ನೂರಾರು ಜನ ಸತ್ತರು, ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಅವರ ನೆನಪಿಗೇ ಏಪ್ರಿಲ್ 14 ನಮ್ಮ ದೇಶದ ಅಗ್ನಿಶಾಮಕ ಸೇವಾ ದಿನ.

ಈಗ ಬಿಕಾಂ ಹುಡುಗನ ಲೆಕ್ಕ ಕೇಳ್ರಿ. 63 ಮಿಲಿಮೀಟರ್ ವ್ಯಾಸದ 15 ಮೀಟರ್ ಪೈಪು ತುಂಬಿದರೆ ನೀರಿನ ತೂಕವೇ ಸುಮಾರು 47 ಕೆಜಿ. ನಾ 91 ಕೆಜಿ ಇದ್ದಾಗ ಬರಿಗೈಲೆ ಮೂರನೇ ಮಹಡಿ ಹತ್ತಿದ್ರೂ ಉಸಿರು ಕಟ್ಟುತ್ತಿತ್ತು. ಈಗ 82. ನನ್ನ ಮೈ ನನಗೇ ಭಾರ ಆದ್ರ, ಹೊಗಿಯೊಳಗ ಬಿದ್ದವರನ್ನ ಹೆಂಗ ಎತ್ತಲಿ?

ಫೈರ್‌ಮನ್ ಹುದ್ದೆಗೆ ಅರ್ಜಿ ಹಾಕೋರು ನಾಳೆ ಐದೂವರೆಗೆ ಬರ್ರಿ. ಉಪವಾಸ ಬ್ಯಾಡ, ಜ್ವಾಳದ ರೊಟ್ಟಿ, ಮಡಕಿಕಾಳ ಪಲ್ಯ ತಿಂದೇ ಇಳಸೋಣ.