ಅಂಕಿಗಳ ಉದ್ದ

ಮಗುವಿಗೆ ಕೆಲವು ಅಂಕಿಗಳನ್ನು ಹೇಳಿ, ಅವನ್ನೇ ಮರಳಿ ಹೇಳಿಸುವ ಪರೀಕ್ಷೆ 1905ರಲ್ಲಿ ಪ್ಯಾರಿಸಿನ ಬಿನೆ, ಸಿಮೋನರ ಬುದ್ಧಿಮಾಪನದಲ್ಲಿಯೇ ಇದ್ದಿತು. ನಮ್ಮಲ್ಲಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ತೆರೆದವರು ಎಂ. ವಿ. ಗೋಪಾಲಸ್ವಾಮಿಯವರು (ಮುಂದೆ ಮನೆಯಲ್ಲಿಯೇ ‘ಆಕಾಶವಾಣಿ’ ಹೂಡಿದವರೂ ಅವರೇ). ಬಿನೆಯ ಪರೀಕ್ಷೆಗಳನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ ಧಾರವಾಡದ ವಿ. ವಿ. ಕಾಮತರ ಗ್ರಂಥ 1940ರಲ್ಲಿ ಹೊರಬಂದಿತು.

ಪ್ರಶ್ನೆಗಳನ್ನು ಒಗ್ಗಿಸಬಹುದು, ಅಂಕಿಗಳ ಉದ್ದವನ್ನು ಒಗ್ಗಿಸುವುದೆಂತು? ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ‘ಸೆವೆನ್’ ಒಂದನ್ನುಳಿದು ಎಲ್ಲವೂ ಒಂದೇ ಉಚ್ಚಾರಕ್ಕೆ ಮುಗಿಯುತ್ತವೆ. ನಮ್ಮಲ್ಲಿ ಎರಡಕ್ಷರಕ್ಕೆ ಕಡಿಮೆಯದು ಒಂದೂ ಇಲ್ಲ. 1980ರಲ್ಲಿ ಎಲಿಸ್ ಮತ್ತು ಹೆನೆಲಿ ಎಂಬವರು ವೆಲ್ಷ್, ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದರು. ಹೇಳಲು ಹೆಚ್ಚು ಹೊತ್ತು ಹಿಡಿಯುವ ವೆಲ್ಷ್ ಅಂಕಿಗಳು ಕಡಿಮೆ ನೆನಪುಳಿದವು. ಅಮೆರಿಕದ ಮಕ್ಕಳಿಗಿಂತ ವೇಲ್ಸಿನ ಮಕ್ಕಳು ಹಿಂದೆ ಬಿದ್ದುದಕ್ಕೆ ಇದೇ ಕಾರಣವೆಂದು ಅವರ ವಾದ. ಇದನ್ನರಿಯದೆ ಪರದೇಶದ ಅಳತೆಗೋಲು ಹಿಡಿದು ನಮ್ಮ ಮಗುವನ್ನು ಮಂದಬುದ್ಧಿಯೆಂದುಬಿಟ್ಟರೆ ಗತಿಯೇನು?

2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಈ ಪ್ರಯೋಗವನ್ನು ಮತ್ತೆ ಮಾಡಿನೋಡಬೇಕೆಂಬುದು ನನ್ನ ಆಸೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರು ಕಡೆಯ ಮಕ್ಕಳೂ ಬೇಕು. ಪೇಟೆಯ ಹುಡುಗ ಫೋನಿನ ನಂಬರನ್ನು ಇಂಗ್ಲಿಷಿನಲ್ಲಿಯೇ ಹೇಳುತ್ತಾನೆ. ಆ ಅಭ್ಯಾಸವೇ ಫಲವನ್ನು ತಿರುಚೀತು. ಆದುದರಿಂದ ಪ್ರತಿಯೊಂದು ಮಗುವೂ ಎರಡೂ ಭಾಷೆಯ ಅಂಕಿಗಳನ್ನು ಓದುವ ವೇಗವನ್ನು ಮೊದಲು ಗಡಿಯಾರ ಹಿಡಿದು ಅಳೆಯಬೇಕು. ಅರ್ಧ ಮಕ್ಕಳಿಗೆ ಕನ್ನಡ ಮೊದಲು, ಉಳಿದರ್ಧಕ್ಕೆ ಇಂಗ್ಲಿಷ್. ಮಕ್ಕಳೆಷ್ಟು ಎಂಬುದನ್ನು ಮುಂಚಿತವಾಗಿಯೇ ಬರೆದಿಡಬೇಕು. ನಮಗೆ ಬೇಕಾದ ಉತ್ತರ ಬಂದೊಡನೆ ನಿಲ್ಲಿಸುವುದು ಸಲ್ಲದು. ಇನ್ನೊಂದು ತೊಡಕುಂಟು. ಪರೀಕ್ಷಕರು ‘ಎರಡು’ ಎಂದರೆ ಹಳ್ಳಿಯ ಮಗು ‘ಎಲ್ಡು’ ಎಂದೀತು. ‘ನಾಲ್ಕು’ ಎಂದರೆ ‘ನಾಕು’. ಅದನ್ನು ತಪ್ಪೆಂದು ಬರೆದುಕೊಳ್ಳದ ಪರೀಕ್ಷಕರನ್ನು ಮೊದಲು ಹುಡುಕಬೇಕು.