ಬಿಸಿಎಲ್2: ಸಾಯಾಕ ಒಲ್ಲೆ ಅನ್ನೋ ಕೋಶದ ಇತಿಹಾಸ

1/4
ಕ್ಯಾನ್ಸರ್ ಅಂದ್ರ ಏನು ಅಂತ ಯಾರರ ಕೇಳಿದ್ರ ನಾವೆಲ್ಲಾ ಒಂದೇ ಉತ್ತರ ಕೊಡ್ತೀವಿ: ಕೋಶ ಮಿತಿಮೀರಿ ಬೆಳೀತಾವು. 1988ರ ತನಕ ವಿಜ್ಞಾನಿಗಳ ಉತ್ತರವೂ ಹೆಚ್ಚುಕಡಿಮೆ ಇದೇ ಇತ್ತು. ಆದ್ರ ಅದರಾಗ ಅರ್ಧ ಲೆಕ್ಕ ಬಿಟ್ಟುಹೋಗಿತ್ತು.

ನಮ್ಮ ಕಾಮರ್ಸ್ ಮಂದಿಗೆ ಇದು ಲಗೂನ ತಿಳೀತೈತಿ. ಗೋಡೌನ್‌ನಾಗ ಮಾಲು ತುಂಬಾಕ ಎರಡು ದಾರಿ. ಒಳಗ ಬರೋದು ಜಾಸ್ತಿ ಆಗಬೇಕು, ಇಲ್ಲಾ ಹೊರಗ ಹೋಗೋದು ನಿಲ್ಲಬೇಕು. ನಮ್ಮ ಮೈಯಾಗ ದಿನಾ ಸುಮಾರು ಐದು ಸಾವಿರ ಕೋಟಿ ಕೋಶ ಸಾಯ್ತಾವು, ಅಷ್ಟೇ ಹೊಸಾವು ಹುಟ್ತಾವು. ಪೆಟ್ಟು ಬಿದ್ದು ಸಾಯೋದಲ್ಲ ಇದು, ಒಳಗಿಂದನ ಹುಕುಂ ಬರ್ತೈತಿ. 1972ರಲ್ಲಿ ಕೆರ್, ವೈಲಿ, ಕರ್ರಿ ಎಂಬ ಮೂವರು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದು ಅಂತ ಅರ್ಥ. ಕಬ್ಬು ಮ್ಯಾಲೆ ಬೆಳೆದಂಗ ಕೆಳಗಿನ ಎಲಿ ತಾನ ಒಣಗಿ ರವದಿ ಆಗತೈತಲ್ಲ, ಹಂಗ.

2/4
1984. ಅಮೆರಿಕದ ಫಿಲಡೆಲ್ಫಿಯಾ. ಸುಜಿಮೋಟೊ, ಕ್ರೋಚೆ ಮತ್ತವರ ಸಂಗಡಿಗರು ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರ್‌ನ ಕೋಶಗಳನ್ನು ನೋಡುತ್ತಿದ್ದರು. ಅವುಗಳಲ್ಲಿ 14ನೇ ಮತ್ತು 18ನೇ ವರ್ಣತಂತುಗಳ ತುಂಡು ಅದಲುಬದಲಾಗಿದ್ದವು. 18ರಲ್ಲಿದ್ದ ಒಂದು ಜೀನ್ ಹೋಗಿ 14ರಲ್ಲಿ ಆ್ಯಂಟಿಬಾಡಿ ತಯಾರಿಸುವ ಜೀನ್ ಪಕ್ಕ ಕುಂತಿತ್ತು. ಆ್ಯಂಟಿಬಾಡಿ ಜೀನ್ ಅಂದ್ರ ಬಿ ಕೋಶದಾಗ ಹಗಲೂ ರಾತ್ರಿ ನಡಿಯೋ ಕಾರ್ಖಾನಿ. ಪಕ್ಕದಾಗ ಕುಂತಿದ್ದಕ್ಕೂ ಅದೇ ಕರೆಂಟು ಸಿಕ್ಕಿತು. ಬಿ ಕೋಶದ ಲಿಂಫೋಮಾದಲ್ಲಿ ಸಿಕ್ಕ ಎರಡನೆಯ ಜೀನ್, ಹಿಂಗಾಗಿ ಬಿಸಿಎಲ್2.

ಇದೂ ಕೋಶವನ್ನು ಓಡಿಸೋ ಎಕ್ಸಿಲರೇಟರ್ ಇರಬೇಕು ಅಂತ ಎಲ್ಲರ ಅಂದಾಜು. 1988ರಲ್ಲಿ ಮೆಲ್ಬರ್ನ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದ ಡೇವಿಡ್ ವಾಕ್ಸ್ ಒಂದು ಸರಳ ಪ್ರಯೋಗ ಮಾಡಿದ. ಕೆಲವು ರಕ್ತಕೋಶಗಳಿಗೆ ಬದುಕಾಕ ಬೆಳವಣಿಗೆ ಸಂಕೇತ ಕೊಡೋ ಒಂದು ಪ್ರೋಟೀನ್ ಬೇಕೇ ಬೇಕು, ಅದನ್ನು ತೆಗೆದರೆ ಸಾಯ್ತಾವು. ಆತ ಅಂಥಾ ಕೋಶಕ್ಕೆ ಬಿಸಿಎಲ್2 ಸೇರಿಸಿ ಆ ಸಂಕೇತದ ಪ್ರೋಟೀನ್ ತೆಗೆದ. ಕೋಶಗಳು ಒಂದಕ್ಕೆರಡು ಆಗಲಿಲ್ಲ. ಸಾಯಲೂ ಇಲ್ಲ! ಸುಮ್ನ ಕುಂತವು. ಕ್ಯಾನ್ಸರ್‌ಗೆ ಹುಟ್ಟು ಹೆಚ್ಚಾಗಬೇಕಂತಿಲ್ಲ, ಸಾವು ತಪ್ಪಿದರೂ ಸಾಕು ಅನ್ನೋದು ಹಂಗ ಗೊತ್ತಾತು. ನನಗಂತೂ ಈ ಇಡೀ ಇತಿಹಾಸದಾಗ ಭಾಳ ಸೇರಿದ್ದು ಇದೇ ಪ್ರಯೋಗ.

3/4
ಬಿಕಾಂ ಹುಡುಗಗ ಇದೆಲ್ಲಾ ಯಾಕ ಅಂತೀರಿ? ಹ್ವಾದ ವರ್ಷ ನಮ್ಮ ಮಾವಗ ಕುತ್ತಿಗ್ಯಾಗ ಗಂಟು ಬಂದು, ತಪಾಸಣೆ ರಿಪೋರ್ಟಿನಾಗ "ಬಿಸಿಎಲ್2 ಪಾಸಿಟಿವ್" ಅಂತ ಇತ್ತು. ಮನ್ಯಾಗ ಇಂಗ್ಲಿಷ್ ಓದಾಂವ ನಾನೊಬ್ಬನೇ. "ಏನಂತ ಬರದಾರೋ ತಮ್ಮಾ?" ಅಂತ ಅತ್ತಿ ಕೇಳಿದ್ಳು. ಊರಾಗಿನ ಮಂದಿ ಆಗ್ಲೇ ತೀರ್ಪು ಕೊಟ್ಟುಬಿಟ್ಟಿದ್ರು: ಕದ್ದು ತಂಬಾಕು ತಿಂದಿರಬೇಕು. ಮಾವ ಎಲಿಅಡಿಕಿನೂ ಮುಟ್ಟಿದಾಂವಲ್ಲ.

ಆ ವರ್ಣತಂತು ಮುರಿಯೋದ್ಯಾಕ? ಉತ್ತರ ಕೊಟ್ಟವರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅಮೆರಿಕದಲ್ಲಿದ್ದಾಗ, 2004ರಲ್ಲಿ, ಇದನ್ನು ತೋರಿಸಿದರು. ಬಿಸಿಎಲ್2 ಜೀನ್‌ನ ಆ ಜಾಗದಲ್ಲಿ ಡಿಎನ್‌ಎ ವಿಚಿತ್ರ ಆಕಾರಕ್ಕೆ ತಿರುಗುತ್ತದೆ. ಆ್ಯಂಟಿಬಾಡಿ ಜೀನ್‌ಗಳನ್ನು ಕತ್ತರಿಸಿ ಜೋಡಿಸಲು ದೇಹವೇ ಇಟ್ಟುಕೊಂಡ ರ‍್ಯಾಗ್ ಎಂಬ ಕತ್ತರಿ ತಪ್ಪಿ ಅಲ್ಲಿಯೂ ಆಡುತ್ತದೆ. ಎಷ್ಟೋ ಆರೋಗ್ಯವಂತರ ರಕ್ತದಲ್ಲೂ ಹಿಂಗ ಅದಲುಬದಲಾದ ಕೆಲವು ಕೋಶ ಸಿಗ್ತಾವು. ಅದೊಂದರಿಂದಲೇ ರೋಗ ಬರಂಗಿಲ್ಲ, ಮುಂದ ಬ್ಯಾರೆ ಕೆಡುಕೂ ಕೂಡಬೇಕು. ಇದನ್ನ ನಾನು ಅತ್ತಿಗೆ ಕಬ್ಬಿನ ರವದಿ ತೋರಿಸಿನೇ ಹೇಳಿದೆ.

4/4
ಈಗ ಔಷಧದ ಮಾತು. ಒಂದು ಪ್ರೋಟೀನ್ ಸಾವನ್ನ ತಡದೈತಿ ಅಂದ್ರ, ಆ ಪ್ರೋಟೀನ್‌ನ ಕೈ ಕಟ್ಟಿದರ ಆತಲ್ಲ? ಹೇಳೋದು ಸುಲಭ. ಮೊದಲು ಬಂದ ಔಷಧಗಳು ಬಿಸಿಎಲ್2 ಜೊತಿಗೆ ಅದರ ತಮ್ಮನಂಥ ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನನ್ನೂ ಹಿಡಿದವು. ಪ್ಲೇಟ್‌ಲೆಟ್ ಬದುಕೋದು ಅದರ ಮ್ಯಾಲೆ, ಹಿಂಗಾಗಿ ಪ್ಲೇಟ್‌ಲೆಟ್ ಇಳಿದವು. ಬಿಸಿಎಲ್2 ಒಂದನ್ನೇ ಹಿಡಿಯೋ ವೆನೆಟೊಕ್ಲಾಕ್ಸ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು ಏಪ್ರಿಲ್ 2016ರಲ್ಲಿ. ಜೀನ್ ಸಿಕ್ಕು 32 ವರ್ಷ! ಅದೂ ಮೊದಲು ಸಿಕ್ಕ ರೋಗಕ್ಕಲ್ಲ, ಸಿಎಲ್‌ಎಲ್ ಎಂಬ ಬ್ಯಾರೆ ರಕ್ತದ ಕ್ಯಾನ್ಸರ್‌ಗೆ. ರಿಪೋರ್ಟಿನಾಗ ಪಾಸಿಟಿವ್ ಅಂತ ಬಂದ್ರ ಇದೇ ಗುಳಿಗಿ ಅಂತ ತಿಳೀಬ್ಯಾಡ್ರಿ, ಡಾಕ್ಟರ್‌ನ ಕೇಳ್ರಿ.

ಅದೇ 2016ರಲ್ಲಿ ರಾಘವನ್ ತಂಡ ಡಿಸಾರಿಬ್ ಎಂಬ ಅಣುವಿನ ಬಗ್ಗೆ ಪ್ರಕಟಿಸಿತು. ವೆನೆಟೊಕ್ಲಾಕ್ಸ್ ಬಿಸಿಎಲ್2ನ ಒಂದು ಜಾಗಕ್ಕೆ ಅಂಟಿದರೆ, ಇದು ಹೆಚ್ಚಾಗಿ ಬಿಎಚ್1 ಎಂಬ ಬೇರೆ ಭಾಗಕ್ಕೆ. ಇಲಿಗಳಲ್ಲಿ ಗಡ್ಡೆ ಕುಗ್ಗಿತು, ಪ್ಲೇಟ್‌ಲೆಟ್ ಉಳಿದವು. ತಂಡದಲ್ಲಿ ಬೆಂಗಳೂರಿನ ಕೆಎಲ್‌ಇ ಫಾರ್ಮಸಿ ಕಾಲೇಜಿನ ಸುಭಾಸ್ ಕರ್ಕಿ ಕೂಡ ಇದ್ದರು. ಹೌದ್ರಿ, 1916ರಲ್ಲಿ ಏಳು ಮಂದಿ ಮಾಸ್ತರರು ಕೂಡಿ ನಮ್ಮ ಬೆಳಗಾವಿಯಾಗ ಕಟ್ಟಿದ ಅದೇ ಕೆಎಲ್‌ಇ.

ಆದ್ರ ಇಲಿ ಬ್ಯಾರೆ, ಮನಶ್ಯಾ ಬ್ಯಾರೆ. "ಬೆಂಗಳೂರಾಗ ಕ್ಯಾನ್ಸರ್‌ಗೆ ಔಷಧ ಸಿಕ್ತು" ಅಂತ ಇದನ್ನ ವಾಟ್ಸ್ಆ್ಯಪ್‌ನಾಗ ಬಿಡಬ್ಯಾಡ್ರಪಾ. ಮಿರಜ್ ದವಾಖಾನಿ ಮುಂದ ಚೀಟಿ ಹಿಡಕೊಂಡು ಕುಂತವರ ಮನ್ಯಾಗೂ ಅದು ಹೋಗಿ ಮುಟ್ಟತೈತಿ.

ಮುಂದಿನ ವಾರ ಪಿ53. ಬಿಸಿಎಲ್2 ತಡಿಯೋ ಸಾವನ್ನ ಅದು ಕರಿಯೋ ಪ್ರೋಟೀನ್.

#ಪಾಲಬಾವಿ #ರಾಯಬಾಗ #ವಿಜ್ಞಾನದಇತಿಹಾಸ #ಕನ್ನಡದಾಗವಿಜ್ಞಾನ