ಯಾರಿಗೆ ಸಾಕು?

ಮತಗಟ್ಟೆಯಲ್ಲಿ ಮೊದಲನೇ ಪೋಲಿಂಗ್ ಆಫೀಸರನ ಮುಖ್ಯ ಕೆಲಸವೆಂದರೆ ಹೆಸರು ಕೂಗುವುದು. ಬಂದವರ ಚೀಟಿ ನೋಡಿ, ಪಟ್ಟಿಯಲ್ಲಿ ಕ್ರಮಸಂಖ್ಯೆ ಹುಡುಕಿ, ಎದುರಿಗೆ ಕೂತ ಪಕ್ಷಗಳ ಏಜೆಂಟರಿಗೆ ಕೇಳಿಸುವಂತೆ ಓದಬೇಕು. ಮೇಷ್ಟರಾದ್ದರಿಂದ ಹಾಜರಿ ಕೂಗಿ ಗಂಟಲು ಪಳಗಿದೆ ಎಂದೋ ಏನೋ, ಈ ಕೆಲಸ ಮೇಲಿಂದ ಮೇಲೆ ನನ್ನ ಪಾಲಿಗೇ ಬರುತ್ತದೆ. ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ಕೂಗುತ್ತಾ ‘ಸಾಕಮ್ಮ’ ಅಂದೆ. ಏಜೆಂಟ್ ಹುಡುಗನೊಬ್ಬ, ‘ಏನ್ ಸಾರ್, ಈಗಲೇ ಸಾಕಾ? ಇನ್ನೂ ಹನ್ನೊಂದು ಗಂಟೆ’ ಎಂದ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು, ಎಪ್ಪತ್ತು ವರ್ಷದಿಂದ ಕೇಳಿಕೊಂಡೇ ಬಂದ ತಮಾಷೆಗೆ ನಗುವ ಹಾಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಸಾಲು ಕರಗಿತು. ಫ್ಯಾನಿನ ಕೆಳಗೆ ಕೂತು ಪಟ್ಟಿಯನ್ನು ಕಾದಂಬರಿ ಓದುವಂತೆ ಓದಿದೆ. ಸಾಕಮ್ಮಂದಿರು ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕರು. ಎಲ್ಲರ ವಯಸ್ಸೂ ಅರವತ್ತರ ಮೇಲೆ. ನಲವತ್ತರ ಆಸುಪಾಸಿನಲ್ಲಿ ಮಂಜುಳಾ, ಸವಿತಾ, ಶೋಭಾ. ಇಪ್ಪತ್ತರ ಕಡೆಗೆ ಬಂದರೆ ಚೈತ್ರಾ, ಸಿಂಚನಾ, ರಕ್ಷಿತಾ. ನಮ್ಮಲ್ಲಿ ಹೆಸರುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆ ವರ್ಷವರ್ಷವೂ ಯಾವ ಹೆಸರನ್ನು ಎಷ್ಟು ಶಿಶುಗಳಿಗೆ ಇಟ್ಟರೆಂದು ಪ್ರಕಟಿಸುತ್ತದೆ. ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ, ಗುಟ್ಟು ಕಾಪಾಡಲೆಂದು, ಪಟ್ಟಿಗೆ ಸೇರಿಸುವುದಿಲ್ಲ. ನಮ್ಮ ಜನಗಣತಿಯವರು ಮನೆಮನೆಗೆ ಬಂದು ಹೆಸರು ಬರೆದುಕೊಂಡು ಹೋದರೂ ಅದನ್ನು ಹೊರಗೆಡಹುವ ಹಾಗಿಲ್ಲ. ಹಾಗಾಗಿ ಹೆಸರಿನ ಹುಟ್ಟುಸಾವು ನೋಡಬೇಕೆಂದರೆ ನಮಗೆ ಉಳಿದಿರುವುದು ಮತದಾರರ ಪಟ್ಟಿಯೊಂದೇ. ಅದೂ ಹದಿನೆಂಟು ವರ್ಷ ತಡವಾಗಿ.

ಆ ಪಟ್ಟಿಗೆ ಇನ್ನೊಂದು ಓರೆ ಇದೆ. ಗಂಡಸಿನ ಹೆಸರು ಹಳೆಯದಾಗಿ ಸತ್ತರೂ ಒಂದು ತಲೆಮಾರು ದೆವ್ವವಾಗಿ ಉಳಿಯುತ್ತದೆ. ತಿಪ್ಪಯ್ಯ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ, ಅವನ ಮಗ ಮಂಜುನಾಥನ ಹೆಸರಿನ ಕೆಳಗೆ ‘ತಂದೆ: ತಿಪ್ಪಯ್ಯ’ ಎಂದು ಕೂತೇ ಇರುತ್ತಾನೆ. ಇನಿಶಿಯಲ್ ಆಗಿ ಬೆಂಗಳೂರಿಗೂ ಹೋಗುತ್ತಾನೆ. ಸಾಕಮ್ಮನಿಗೆ ಆ ಭಾಗ್ಯವಿಲ್ಲ. ಹೆಂಗಸಿನ ಹೆಸರು ಬಹುಮಟ್ಟಿಗೆ ಅವಳದೇ ಸಾಲಿನಲ್ಲಿ ಮಾತ್ರ. ಅವಳು ಹೋದ ದಿನ ಅದೂ ಅಳಿಸಿಹೋಗುತ್ತದೆ.

ಈಗ ಆ ಮಾತಿಗೆ ಬರೋಣ. ಕನ್ನಡದಲ್ಲಿ ‘ಸಾಕು’ ಎರಡು. ಒಂದು, ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಸಾಕು. ಇನ್ನೊಂದು, ಕುರಿ ಸಾಕು, ಮಕ್ಕಳನ್ನು ಸಾಕು ಎನ್ನುವಲ್ಲಿನ ಸಾಕು. ಕೇಳಲು ಒಂದೇ ಆದರೂ ಬೇರು ಬೇರೆ. ಮೊದಲನೆಯದು ‘ಸಾಲದು’ ಅನ್ನುವುದರಲ್ಲಿ ಇರುವ ‘ಸಾಲ್’ ಧಾತುವಿನಿಂದ ಬಂದದ್ದು. ಎರಡನೆಯದಕ್ಕೆ ಅದರ ಜೊತೆ ನಂಟಿಲ್ಲ. ತೆಲುಗಿನವರಿಗೆ ಈ ಗೊಂದಲವೇ ಇಲ್ಲ: ಅವರಿಗೆ ಊಟದ ಸಾಕು ‘ಚಾಲು’, ಪೋಷಿಸುವುದು ಮಾತ್ರ ‘ಸಾಕು’. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವವರ ಕಿವಿಗೆ ಸಾಕಮ್ಮ ಎಂದರೆ ಸಾಕಿದವಳೋ ಸಾಕಿಸಿಕೊಂಡವಳೋ ಇರಬೇಕು, ಅಷ್ಟೆ. ತಮಾಷೆ ಮಾಡುವ ಸುಖ ಕನ್ನಡದವರದು.

ವ್ಯಾಕರಣದಲ್ಲೂ ಈ ಎರಡಕ್ಕೆ ಅಜಗಜಾಂತರ. ಪೋಷಿಸುವ ಸಾಕು ಅಚ್ಚುಕಟ್ಟಾದ ಕ್ರಿಯಾಪದ: ಸಾಕಿದೆ, ಸಾಕುತ್ತಾಳೆ, ಸಾಕಲಿಲ್ಲ, ಯಾರು ಸಾಕಿದರು, ಯಾವಾಗ ಸಾಕಿದರು ಎಲ್ಲಕ್ಕೂ ಲೆಕ್ಕ ಕೊಡುತ್ತದೆ. ಊಟದ ಸಾಕು ಹಾಗಲ್ಲ. ಅದಕ್ಕೆ ಕಾಲವಿಲ್ಲ, ಪುರುಷವಿಲ್ಲ, ಮಾಡಿದವರಿಲ್ಲ. ‘ನನಗೆ ಸಾಕು’, ‘ಅವರಿಗೆ ಸಾಕು’ ಎಂದು ಚತುರ್ಥಿಯೊಂದನ್ನು ಆನಿಸಿಕೊಂಡು ನಿಲ್ಲುತ್ತದೆ. ಆ ಚತುರ್ಥಿಯನ್ನು ತೆಗೆದುಬಿಟ್ಟರೆ ಯಾರಿಗೆ ಸಾಕು ಎಂಬುದೇ ತಿಳಿಯುವುದಿಲ್ಲ. ಹೆಸರಿಡುವಾಗ ತೆಗೆದದ್ದು ಅದನ್ನೇ. ಮಗುವಿಗಂತೂ ಸಾಕಾಗಿರಲಿಲ್ಲ, ಅದು ಆಗಷ್ಟೇ ಬಂದಿತ್ತು. ಬಾಣಂತಿಗೋ, ಅತ್ತೆಗೋ, ಪಂಚೆ ಕೊಡವಿಕೊಂಡು ಜಗಲಿಯಿಂದ ಎದ್ದುಹೋದ ಅಪ್ಪನಿಗೋ?

ಬಳಕೆಯಲ್ಲಿ ಈ ಮಾತು ಇನ್ನೂ ವಿಚಿತ್ರವಾಗಿ ಹೊರಳುತ್ತದೆ. ‘ಅಷ್ಟೇ ಸಾಕು’ ತೃಪ್ತಿ. ‘ಸಾಕಪ್ಪಾ ಸಾಕು’ ಬೇಸರ. ‘ಸಾಕಾಗೋಯ್ತು’ ಮೈಕೈ ನೋವು. ‘ಸಾಕಷ್ಟು’ ಎಂದರೆ ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚೇ. ‘ಸಾಕುಬೇಕಾಯ್ತು’ ಅನ್ನುವುದಂತೂ ನನಗೆ ಬಹಳ ಇಷ್ಟ. ಬೇಕನ್ನೂ ಸಾಕನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಎಳೆಸಿಕೊಂಡವರ ಉಸಿರು ಅದರಲ್ಲಿದೆ.

ಸಾಕಮ್ಮ ಎಂದರೆ ಹೆಣ್ಣುಮಕ್ಕಳು ಸಾಕು ಎಂದರ್ಥ, ಮೂರೋ ನಾಲ್ಕೋ ಹೆಣ್ಣಾದ ಮೇಲೆ ಇಡುವ ಹೆಸರು ಎಂದು ಎಲ್ಲರೂ ಹೇಳುತ್ತಾರೆ. ಬಹಳಷ್ಟು ಸಲ ಅದು ನಿಜವೇ. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕಿಂತ ಒರಟಾಗಿ ‘ನಕುಸಾ’, ಅಂದರೆ ಬೇಡವಾದವಳು, ಎಂದೇ ಇಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲಾಡಳಿತ ಸಮಾರಂಭ ಮಾಡಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ಆದರೆ ಕನ್ನಡದಲ್ಲಿ ಸಾಕಯ್ಯ, ಸಾಕಪ್ಪ ಎಂಬ ಗಂಡಸರೂ ಇದ್ದಾರಲ್ಲ? ಗಂಡು ಸಾಕು ಎಂದು ಯಾವ ಮನೆಯಲ್ಲಿ ಅಂದಿದ್ದರು? ಇಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯನೆಂದು, ಕಲ್ಲುಗುಂಡಿನಂತೆ ಇರಲೆಂದು ಗುಂಡಪ್ಪ, ಕಲ್ಲಪ್ಪನೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಇನ್ನು ಕೆಲವರು ಕೂಸನ್ನು ಮೊರದಲ್ಲಿಟ್ಟು ಬೇರೆಯವರಿಗೆ ಕೊಟ್ಟ ಹಾಗೆ ಮಾಡಿ, ಕಾಸು ಕೊಟ್ಟು ವಾಪಸು ಕೊಳ್ಳುತ್ತಿದ್ದರು. ಇದು ನಮ್ಮದಲ್ಲ, ಸಾಕುಮಗು ಎಂದು ಸಾವಿನ ಕಣ್ಣಿಗೆ ಮಣ್ಣೆರಚುವ ಉಪಾಯ. ಆ ಮಗು ಸಾಕಮ್ಮನೋ ಸಾಕಯ್ಯನೋ ಆದರೆ ಆಶ್ಚರ್ಯವೇನು? ಪುರಾವೆ ಕೇಳಿದರೆ ನನ್ನಲ್ಲಿಲ್ಲ. ಆದರೂ ಈ ಅರ್ಥದ ಕಡೆ ನನಗೆ ಒಲವು. ನಕುಸಾ ಎಂಬ ಮಾತನ್ನು ಎತ್ತ ತಿರುಗಿಸಿದರೂ ಬೇಡವೇ. ಸಾಕಮ್ಮನನ್ನು ತಿರುಗಿಸಬಹುದು.

ತಿರುಗಿಸಿದವರೊಬ್ಬರು ಬೆಂಗಳೂರಿನಲ್ಲಿದ್ದರು. ಬಸವನಗುಡಿಯ ಕಡೆ ಸಾಕಮ್ಮ ಗಾರ್ಡನ್ ಎಂದು ಆಟೋದವರಿಗೆ ಹೇಳುವ ಎಷ್ಟು ಜನಕ್ಕೆ ಆ ಸಾಕಮ್ಮ ಯಾರೆಂದು ಗೊತ್ತೋ ಕಾಣೆ. ತುಮಕೂರು ಸೀಮೆಯ ಬಿದರೆಯಿಂದ ಬಂದವರು. ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರ ಕೈಹಿಡಿದು, ಚಿಕ್ಕ ವಯಸ್ಸಿಗೇ ವಿಧವೆಯಾಗಿ, ತೋಟವನ್ನು ತಾವೇ ನೋಡಿಕೊಂಡು, ಆಮೇಲೆ ಬಸವನಗುಡಿಯಲ್ಲಿ ಕಾಫಿಪುಡಿ ಮಾಡಿ ಮಾರುವ ಕಾರ್ಖಾನೆ ತೆರೆದವರು. ಊರು ಅವರನ್ನು ‘ಕಾಫಿಪುಡಿ ಸಾಕಮ್ಮ’ ಎಂದೇ ಕರೆಯಿತು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ನಾಮನಿರ್ದೇಶನಗೊಂಡ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು, ಮೈಸೂರು ಮಹಾರಾಜರು ‘ಲೋಕಸೇವಾ ಪಾರಾಯಣಿ’ ಎಂಬ ಬಿರುದು ಕೊಟ್ಟರು. ಒಂದು ಯೋಚಿಸಿ: ಕಾಫಿಪುಡಿಯ ಪೊಟ್ಟಣಕ್ಕೆ ‘ಸಾಕು’ ಎಂಬ ಹೆಸರು ಇಟ್ಟುಕೊಂಡು ಯಾವ ವ್ಯಾಪಾರಿಯಾದರೂ ಗೆಲ್ಲುವುದುಂಟೆ? ಇವತ್ತಿನ ಜಾಹೀರಾತಿನವರು ಹೌಹಾರುತ್ತಾರೆ. ಗಿರಾಕಿಗಳಿಗೆ ಆ ಅರ್ಥ ಕೇಳಿಸಲೇ ಇಲ್ಲ. ಹೆಸರು ಒಬ್ಬ ಗಟ್ಟಿ ಮನುಷ್ಯರ ಮೇಲೆ ಕೂತರೆ ಅದರೊಳಗಿನ ಮಾತು ಬಾಯಿ ಮುಚ್ಚಿಕೊಳ್ಳುತ್ತದೆ.

ಹಾಗಾದರೆ ಈಗೇಕೆ ಸಾಕಮ್ಮಂದಿರು ಹುಟ್ಟುತ್ತಿಲ್ಲ? ಹಳೇ ಹೆಸರು, ಯಾರಿಗೆ ಬೇಕು ಎಂದು ಹೇಳಿ ಮುಗಿಸಬಹುದು. ಆದರೆ ಗೌರಿ, ಜಾನಕಿ, ಮೀರಾ ಹಳೆಯವಾದರೂ ಪಟ್ಟಣದ ಮನೆಗಳಿಗೆ ಹಿಂದಿರುಗಿವೆ. ಸಾಕಮ್ಮ ಹಿಂದಿರುಗುವುದಿಲ್ಲ, ಏಕೆಂದರೆ ಆ ಹೆಸರು ಹುಟ್ಟುತ್ತಿದ್ದ ಜಾಗವೇ ಇಲ್ಲ. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮುಂಚೆಯೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿಯಿತು. ತಿಪ್ಪೆಗೂ ಮೊರಕ್ಕೂ ಕೆಲಸ ತಪ್ಪಿತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ನಾಲ್ಕನೆಯದೇ ಇಲ್ಲದ ಮೇಲೆ ನಾಲ್ಕನೆಯದಕ್ಕೆ ಇಡುವ ಹೆಸರು ಎಲ್ಲಿಂದ ಬರಬೇಕು?

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಸುದ್ದಿ. ಆದರೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇಷ್ಟು ಹೆಣ್ಣುಮಕ್ಕಳು ಎನ್ನುವ ಲೆಕ್ಕ ಕರ್ನಾಟಕದಲ್ಲಿ 1991ರಲ್ಲಿ 960 ಇದ್ದದ್ದು 2001ಕ್ಕೆ 946ಕ್ಕೆ ಬಿತ್ತು, 2011ರಲ್ಲಿ 948. ಭ್ರೂಣದ ಲಿಂಗ ಪತ್ತೆ ಮಾಡಬಾರದೆಂಬ ಕಾನೂನು 1994ರಲ್ಲೇ ಬಂದಿದೆ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಫಲಕವಿದೆ. 2023ರ ನವೆಂಬರಿನಲ್ಲಿ ಪೊಲೀಸರು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತೆಂದು ಪತ್ತೆ ಹಚ್ಚಿದರು. ಬೆಲ್ಲ ಬೇಯಿಸುವ ಕಡೆ. ಹಿಂದಿನವರು ಸಾಕು ಅನ್ನುವುದನ್ನು ಕೂಸು ಹುಟ್ಟಿದ ಮೇಲೆ ಅಂದರು, ಅಂದ ಬಾಯಲ್ಲೇ ‘ಅಮ್ಮ’ ಎಂದು ಸೇರಿಸಿದರು, ತೊಟ್ಟಿಲಿಗೂ ಹಾಕಿದರು. ಅವರನ್ನು ನಾನು ಹೊಗಳುತ್ತಿಲ್ಲ. ಅಂದದ್ದು ಯಾವಾಗ ಎಂಬುದಷ್ಟೇ ನನ್ನ ತಕರಾರು.

ಇರುವ ಸಾಕಮ್ಮಂದಿರ ಮಟ್ಟಿಗೆ ಹೇಳುವುದಾದರೆ ಅವರ ಹೆಸರಿಗೆ ಇಳಿವಯಸ್ಸಿನಲ್ಲಿ ಒಂದು ಕಳೆ ಬಂದಿದೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಪಡಿತರ ಚೀಟಿಯ ಯಜಮಾನಿ ಮಾಡಿತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯೂ ಆ ಯಜಮಾನಿಯ ಹೆಸರಿಗೇ. ತೊಂದರೆಯೆಂದರೆ ಒಂದು ಕಾರ್ಡಿನಲ್ಲಿ ಸಾಕಮ್ಮ, ಇನ್ನೊಂದರಲ್ಲಿ ಶಾಕಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಸಕ್ಕಮ್ಮ. ಇಂಗ್ಲಿಷಿಗೆ ಹೋಗಿಬಂದ ಹೆಸರು ಹಾಗೇ ವಾಪಸು ಬರುವುದಿಲ್ಲ. ‘ನೇಮ್ ಮಿಸ್‌ಮ್ಯಾಚ್’ ಎಂದು ಕೌಂಟರಿನವರು ಚೀಟಿ ಹಿಂದಕ್ಕೆ ತಳ್ಳುತ್ತಾರೆ. ಬೇಡವೆನ್ನುವಂತೆ ಇಟ್ಟ ಹೆಸರನ್ನು ಒಂದಕ್ಷರವೂ ತಪ್ಪದಂತೆ ಬರೆಸಲು ಮೊಮ್ಮಕ್ಕಳು ಈಗ ಸೈಬರ್ ಸೆಂಟರಿಗೆ ಅಲೆಯುತ್ತಾರೆ.

ಮೊಮ್ಮಕ್ಕಳಲ್ಲಿ ಒಬ್ಬಳಾದರೂ ಸಾಕ್ಷಿ ಇರುತ್ತಾಳೆ. ಶತಭಿಷಾ ನಕ್ಷತ್ರದಲ್ಲಿ ಹುಟ್ಟಿದರೆ ‘ಸಾ’ ಅಕ್ಷರ ಬರುತ್ತದೆ. ಅಜ್ಜಿಯ ಹೆಸರೂ ಇಟ್ಟ ಹಾಗಾಯಿತು, ಶಾಲೆಯಲ್ಲಿ ಯಾರೂ ನಗುವುದೂ ಇಲ್ಲ.

ಆ ಸಂಜೆ ಐದರ ಹೊತ್ತಿಗೆ ಹೊರಗೆ ಜಗಲಿಯಲ್ಲಿ ಗಾಳಿಗೆ ನಿಂತಿದ್ದೆ. ಬೆಳಗಿನ ಅಜ್ಜಿ ಮತ್ತೆ ಶಾಲೆಯ ಗೇಟಿನ ಹತ್ತಿರ ಬಂದಿದ್ದರು. ಬೆರಳಿನ ಶಾಯಿ ಒಣಗಿ ಕಪ್ಪಾಗಿತ್ತು. ‘ಅಜ್ಜಿ, ನಿಮಗೆ ಸಾಕಮ್ಮ ಅಂತ ಯಾಕೆ ಇಟ್ರು?’ ಅಂದೆ. ಕೇಳಬಾರದಿತ್ತೇನೋ.

‘ನಾನು ಐದ್ನೇವ್ಳು ಕಣಪ್ಪ. ಎಲ್ಲಾ ಹೆಣ್ಣೇ. ನಮ್ಮಜ್ಜಿ ಸಾಕು ಅಂತು, ಅದೇ ಹೆಸ್ರು ಆಗೋಯ್ತು.’

‘ಆಮೇಲೆ ಗಂಡಾಯ್ತಾ?’

‘ಎಲ್ಲಿ? ಎರಡು ವರ್ಷಕ್ಕೆ ಇನ್ನೊಂದು ಹೆಣ್ಣೇ ಆಯ್ತು’ ಎಂದು ಅಜ್ಜಿ ಈ ಸಲ ಜೋರಾಗಿಯೇ ನಕ್ಕರು. ‘ಇನ್ನೇನು ಹೆಸ್ರು ಇಡದು? ಚಿಕ್ಕಸಾಕಮ್ಮ ಅಂದ್ರು. ಇದೇ ಊರಿಗೆ ಕೊಟ್ಟವ್ರೆ ಅವ್ಳನ್ನೂ. ಮಂಡಿ ನೋವು, ನಿಧಾನುಕ್ಕೆ ಬತ್ತಾವ್ಳೆ. ಗೇಟ್ ಹಾಕ್ಬಿಡ್ಬೇಡಿ ಸ್ವಾಮಿ, ಅವ್ಳ ಹೆಸ್ರೂ ಕೂಗ್ಬುಡಿ.’